ಸ್ಕಿಪೋಲ್ ಹತ್ತಿರ ಒಂದು ರಾತ್ರಿ: ಜೊತೆಗೆ ಅಪ್ಪ ಅಮ್ಮ ಇದ್ದಾರೆ, ಯಾವ ಹೋಟೆಲ್ ಹಿಡಿಯಲಿ?

ಕುಕ್ಕರಹಳ್ಳಿ_ಸುತ್ತು
ಎಲ್ಲರಿಗೂ ಮೈಸೂರಿನಿಂದ ನಮಸ್ಕಾರ. ಒಂದೇ ಒಂದು ರಾತ್ರಿಯ ವಿಷಯಕ್ಕೆ ಮೂರು ದಿನದಿಂದ ಮನೆಯಲ್ಲಿ ಚರ್ಚೆ ನಡೆಯುತ್ತಿದೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಮೇ ಕೊನೆಯ ವಾರ ಯುರೋಪ್ ಪ್ರವಾಸ ಮುಗಿಸಿ ಆಮ್‌ಸ್ಟರ್‌ಡ್ಯಾಮ್‌ನ ಸ್ಕಿಪೋಲ್ ವಿಮಾನ ನಿಲ್ದಾಣದಿಂದ ಊರಿಗೆ ಹೊರಡುತ್ತೇವೆ. ಒಟ್ಟು ಐದು ಜನ. ಅಪ್ಪನಿಗೆ 72, ಅಮ್ಮನಿಗೆ 67, ನಾನು, ಹೆಂಡತಿ, ಆರು ವರ್ಷದ ಮಗಳು. ದೊಡ್ಡ ಸೂಟ್‌ಕೇಸ್ ನಾಲ್ಕು, ಕೈಚೀಲಗಳು ಬೇರೆ. ವಿಮಾನ ಬೆಳಿಗ್ಗೆ 6:50ಕ್ಕೆ ಮ್ಯೂನಿಕ್‌ಗೆ, ಅಲ್ಲಿಂದ ಬೆಂಗಳೂರು. ಹಿಂದಿನ ದಿನ ಸಂಜೆ ಬೆಲ್ಜಿಯಂನಿಂದ ರೈಲಿನಲ್ಲಿ ಬರುತ್ತೇವೆ. ಎಲ್ಲರಿಗೂ ಷೆಂಗೆನ್ ವೀಸಾ ಇದೆ, ಅಂದರೆ ಯುರೋಪಿನ ಬಹುತೇಕ ದೇಶಗಳಿಗೆ ಸೇರಿ ಒಂದೇ ವೀಸಾ.

ನಾನು ನೋಡಿರುವುದು ಹೀಗೆ. ಟರ್ಮಿನಲ್‌ಗೆ ತಾಗಿದಂತೆ ಶೆರಟನ್, ಹಿಲ್ಟನ್ ಇವೆ, ಎರಡು ಕೋಣೆ ಅಂದರೆ ದರ ನೋಡಿಯೇ ಎದೆ ಧಸಕ್ ಅಂತು. ಸಿಟಿಜನ್‌ಎಂ ಕೂಡ ಹತ್ತಿರ, ದರ ಕಡಿಮೆ. ಪಕ್ಕದ ಊರು ಹೋಫ್ಡೋರ್ಪ್ ಕಡೆ ಹೋದರೆ ಹೆಚ್ಚುಕಡಿಮೆ ಅರ್ಧ ದರ, 'ಉಚಿತ ಶಟಲ್ ಬಸ್' ಅಂತ ಬರೆದಿದ್ದಾರೆ. ಹೆಂಡತಿಗೆ ಊರೊಳಗೇ ಉಳಿದು ಕಾಲುವೆ ಪಕ್ಕ ಒಂದು ಸುತ್ತು ಓಡಾಡುವ ಆಸೆ. ಅಪ್ಪನ ಪ್ರಕಾರ ಹೋಟೆಲ್ಲೇ ಬೇಡ, ನಿಲ್ದಾಣದಲ್ಲೇ ಕೂತು ರಾತ್ರಿ ಕಳೆಯೋಣ.

ಅಮ್ಮನಿಗೆ ಮಂಡಿ ನೋವು. ಅರ್ಧ ಗಂಟೆ ನಿಂತರೆ ಕಾಲು ಊದಿಕೊಳ್ಳುತ್ತದೆ. ಅದೇ ನನ್ನ ಮುಖ್ಯ ಚಿಂತೆ.

ಧಾರವಾಡದಾಂವ
ಐದು ಜನ, ನಾಲ್ಕು ಸೂಟ್‌ಕೇಸ್, ಬೆಳಿಗ್ಗೆ 6:50. ಇದರಲ್ಲಿ ವಿಚಾರ ಮಾಡೋದು ಏನಿದೆ ರೀ? ಟರ್ಮಿನಲ್‌ಗೆ ಹತ್ತಿಕೊಂಡು ಇರುವ ಹೋಟೆಲ್ ಹಿಡಿಯಿರಿ. ಇಡೀ ಪ್ರವಾಸಕ್ಕೆ ಅಷ್ಟು ರೊಕ್ಕ ಹಾಕಿದ್ದೀರಿ, ಕೊನೆಯ ರಾತ್ರಿ ಯಾಕೆ ಹಿಂದೆ ಮುಂದೆ ನೋಡುತ್ತೀರಿ?

ಹಾಸನ_ಟು_ಹೇಗ್
ಅಷ್ಟು ಬೇಗ ತೀರ್ಮಾನ ಮಾಡಬೇಡಿ. ಐದು ವರ್ಷದಿಂದ ಹೇಗ್‌ನಲ್ಲಿದ್ದೇನೆ, ತಿಂಗಳಿಗೆ ಎರಡು ಸಲ ಸ್ಕಿಪೋಲ್‌ಗೆ ಹೋಗುತ್ತೇನೆ. ಮೊದಲು ಜಾಗ ಹೇಗಿದೆ ಅಂತ ತಿಳಿದುಕೊಳ್ಳಿ.

ಸ್ಕಿಪೋಲ್‌ನಲ್ಲಿ ಟರ್ಮಿನಲ್ ಒಂದೇ. ಹಾಲ್ 1, 2, 3 ಅಂತ ಇದ್ದರೂ ಎಲ್ಲ ಒಂದೇ ಸೂರಿನ ಕೆಳಗೆ. ರೈಲು ನಿಲ್ದಾಣ ಸರಿಯಾಗಿ ಅದರ ಕೆಳಗೇ ಇದೆ. ಪ್ಲಾಟ್‌ಫಾರ್ಮ್‌ನಿಂದ ಮೇಲೆ ಬರಲು ಇಳಿಜಾರಾದ ಚಲಿಸುವ ದಾರಿ ಇದೆ, ಲಿಫ್ಟ್ ಇದೆ. ಮೆಟ್ಟಿಲು ಹತ್ತಲೇಬೇಕಿಲ್ಲ. ಬ್ರಸೆಲ್ಸ್, ಆಂಟ್‌ವರ್ಪ್ ಕಡೆಯಿಂದ ಬರುವ ವೇಗದ ರೈಲುಗಳು ಸ್ಕಿಪೋಲ್‌ನಲ್ಲೇ ನಿಲ್ಲುತ್ತವೆ. ಅಂದರೆ ನೀವು ಊರೊಳಗೆ ಹೋಗಿ ಮತ್ತೆ ವಾಪಸ್ ಬರಬೇಕಾಗಿಯೇ ಇಲ್ಲ.

ಇನ್ನು ಹೋಫ್ಡೋರ್ಪ್ ಅಂದರೆ ರೈಲಿನಲ್ಲಿ ಐದು ನಿಮಿಷ. ಆಮ್‌ಸ್ಟರ್‌ಡ್ಯಾಮ್ ಸೆಂಟ್ರಲ್ ಕೂಡ 15-17 ನಿಮಿಷ ಅಷ್ಟೇ. ರಾತ್ರಿಯಿಡೀ ಗಂಟೆಗೊಂದು ರೈಲು ಇದೆ, ಉಟ್ರೆಕ್ಟ್, ಆಮ್‌ಸ್ಟರ್‌ಡ್ಯಾಮ್, ಸ್ಕಿಪೋಲ್, ಲೈಡನ್, ಹೇಗ್, ರಾಟರ್‌ಡ್ಯಾಮ್ ಅಂತ ಓಡುತ್ತದೆ. ಟಿಕೆಟ್ ಸಾಲಿನಲ್ಲಿ ನಿಲ್ಲಬೇಕಿಲ್ಲ, ನಿಮ್ಮ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿ ಒಳಗೆ ಹೋಗಬಹುದು. ಇಳಿದ ಮೇಲೆ ಮತ್ತೆ ತಾಗಿಸಬೇಕು. ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು, ಒಂದೇ ಕಾರ್ಡಿನಲ್ಲಿ ಐದು ಜನ ಹೋಗಲು ಆಗಲ್ಲ.

ಹಾಗಾಗಿ 'ಹತ್ತಿರ' ಅಂತ ಅಷ್ಟೊಂದು ದುಡ್ಡು ಸುರಿಯುವ ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಧಾರವಾಡದಾಂವ
ಅಣ್ಣಾ, ನೀವು ಒಂದು ಬ್ಯಾಗ್ ಬೆನ್ನಿಗೆ ಹಾಕಿಕೊಂಡು ಒಬ್ಬರೇ ಹೋಗುವವರು. ಇವರ ಜೊತೆ ಮಂಡಿ ನೋವಿನ ತಾಯಿ ಇದ್ದಾರೆ. ಬೆಳಗಿನ ಜಾವ ನಾಲ್ಕು ಗಂಟೆಗೆ ಗಂಟೆಗೊಂದು ಬರುವ ರೈಲು ತಪ್ಪಿದರೆ ಏನು ಮಾಡಬೇಕು?

ಹಾಸನ_ಟು_ಹೇಗ್
ಅದು ನಿಜ, ಒಪ್ಪುತ್ತೇನೆ. ರಾತ್ರಿ ರೈಲು ಇವರಿಗೆ ಬೇಡ. ಆದರೆ ಹೋಫ್ಡೋರ್ಪ್ ಶಟಲ್ ಪರವಾಗಿಲ್ಲ ಅನಿಸುತ್ತದೆ.

ರಾತ್ರಿ_ಪಾಳಿ
ಶಟಲ್ ವಿಷಯ ಬಂತಲ್ಲ, ನಾನು ಹೇಳಲೇಬೇಕು. ಓದುವಾಗ ಎರಡು ವರ್ಷ ಆ ಕಡೆಯ ಒಂದು ಹೋಟೆಲ್ಲಿನ ರಿಸೆಪ್ಷನ್‌ನಲ್ಲಿ ರಾತ್ರಿ ಕೆಲಸ ಮಾಡಿದ್ದೇನೆ. ಹೆಸರು ಬೇಡ.

'ಉಚಿತ ಶಟಲ್' ಅಂತ ಓದಿದ ತಕ್ಷಣ ಈ ನಾಲ್ಕು ಪ್ರಶ್ನೆ ಕೇಳಿ. ಮೊದಲನೆಯ ಬಸ್ ಬೆಳಿಗ್ಗೆ ಎಷ್ಟಕ್ಕೆ? ಸೀಟು ಮೊದಲೇ ಹೇಳಿ ಇಡಬೇಕಾ? ಅದು ದೊಡ್ಡ ಬಸ್ಸಾ, ಎಂಟು ಸೀಟಿನ ವ್ಯಾನಾ? ಒಬ್ಬ ಡ್ರೈವರ್ ಎಷ್ಟು ಹೋಟೆಲ್ ಸುತ್ತುತ್ತಾನೆ? ಸುತ್ತಮುತ್ತಲಿನ ಎರಡು ಮೂರು ಹೋಟೆಲ್ ಸೇರಿ ಒಂದೇ ಬಸ್ ಇಟ್ಟುಕೊಳ್ಳುವುದು ಉಂಟು. ನಿಮ್ಮ ಹೋಟೆಲ್ ಕೊನೆಯದಾದರೆ ಬಸ್ ಬರುವಾಗಲೇ ತುಂಬಿರುತ್ತದೆ.

ನಮ್ಮಲ್ಲಿ ಸೀಟಿಗೆ ಒಂದು ಹಾಳೆ ಇತ್ತು. ಕೌಂಟರಿನ ಮೇಲೆ ಪೆನ್ನಿಗೆ ದಾರ ಕಟ್ಟಿ ಇಡುತ್ತಿದ್ದೆವು. 4:00, 4:30, 5:00 ಅಂತ ಗೆರೆ ಹಾಕಿ, ಎದುರಿಗೆ ಎಂಟು ಖಾನೆ. ಸಂಜೆ ಆರಕ್ಕೆ ಬಂದವರು ಬರೆದು ಹೋಗುತ್ತಿದ್ದರು. ರಾತ್ರಿ ಹನ್ನೊಂದಕ್ಕೆ ಬಂದವರಿಗೆ 4:30ರ ಸಾಲು ತುಂಬಿರುತ್ತಿತ್ತು. ಕೊನೆಗೆ ಟ್ಯಾಕ್ಸಿ ಕರೆಸುತ್ತಿದ್ದೆ. ಐದು ಜನ ಅಂದರೆ ದೊಡ್ಡ ಟ್ಯಾಕ್ಸಿಯೇ ಬೇಕು, ಆ ಹೊತ್ತಿನಲ್ಲಿ ಅದು ಕರೆದ ಕೂಡಲೇ ಬರಲ್ಲ.

ಹೋಟೆಲ್ಲಿಗೆ ಬಂದ ಕೂಡಲೇ, ಕೋಣೆಯ ಕೀ ತೆಗೆದುಕೊಳ್ಳುವ ಮೊದಲೇ, ಶಟಲ್ ಹಾಳೆಯಲ್ಲಿ ಹೆಸರು ಬರೆಸಿ.

ಬಂಟ್ವಾಳ_ಬಾಬಣ್ಣ
ರಾತ್ರಿ ಪಾಳಿಯವರು ಹೇಳಿದ್ದು ನೂರಕ್ಕೆ ನೂರು ನಿಜ. ನಮಗೆ ಆದದ್ದು ಕೇಳಿ.

ಕಳೆದ ಅಕ್ಟೋಬರ್. ನಾನು, ಹೆಂಡತಿ, ಅವಳ ಅಮ್ಮ. ಹೋಟೆಲ್ ನಿಲ್ದಾಣದಿಂದ ಆರು ಕಿಲೋಮೀಟರ್ ಅಂತ ಇತ್ತು. 24 ಗಂಟೆ ಶಟಲ್ ಅಂತ ಬರೆದಿದ್ದರು. ಬೆಳಿಗ್ಗೆ 4:15ಕ್ಕೆ ಕೆಳಗೆ ಬಂದು ನಿಂತೆವು. ಹೊರಗೆ ಸೋನೆ ಮಳೆ, ಚಳಿ ಗಾಳಿ. ವ್ಯಾನ್ ಬಂತು. ಡ್ರೈವರ್ ಇಳಿದು ಬೆರಳಲ್ಲಿ ಜನ ಎಣಿಸಿದ. ಏಳು ಜನ ಮೊದಲೇ ಕೂತಿದ್ದರು. ಒಂದು ಸೀಟು ಮಾತ್ರ ಉಂಟು ಅಂದ. ಅತ್ತೆ ಅಷ್ಟರಲ್ಲಿ ವ್ಯಾನಿನ ಮೆಟ್ಟಿಲಿಗೆ ಒಂದು ಕಾಲು ಇಟ್ಟಾಗಿತ್ತು. ಮತ್ತೆ ಇಳಿಸಿದೆವು. ಅವರು ಸೂಟ್‌ಕೇಸಿನ ಹಿಡಿ ಬಿಡದೆ, ಸೆರಗನ್ನು ತಲೆ ಮೇಲೆ ಎಳೆದುಕೊಂಡು ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮುಂದಿನದು ಒಂದು ಗಂಟೆ ನಂತರ. ಟ್ಯಾಕ್ಸಿಗೆ 38 ಯೂರೋ ಕೊಟ್ಟು ಹೋದೆವು. ಉಳಿಸಿದ ದುಡ್ಡು ಅಲ್ಲಿಗೆ ಹೋಯಿತು, ಅದಕ್ಕಿಂತ ಆ ಅರ್ಧ ಗಂಟೆಯ ಗಾಬರಿ ಬೇಡವಾಗಿತ್ತು.

ದಯವಿಟ್ಟು ವಯಸ್ಸಾದವರ ಜೊತೆ ಶಟಲ್ ನಂಬಬೇಡಿ.

ರಾತ್ರಿ_ಪಾಳಿ
ಬಾಬಣ್ಣ, ಓದಿ ಬೇಜಾರಾಯಿತು. ಡ್ರೈವರ್ ತಪ್ಪಲ್ಲ ಅದು, ಸೀಟ್ ಬೆಲ್ಟ್ ಇದ್ದಷ್ಟೇ ಜನ ಕೂರಿಸಬೇಕು. ಹಾಳೆಯ ವಿಷಯ ನಿಮಗೆ ಹೇಳದೇ ಇದ್ದದ್ದು ರಿಸೆಪ್ಷನ್‌ನವರ ತಪ್ಪು.

ಆಮ್‌ಸ್ಟೆಲ್‌ವೇನ್_ಅಕ್ಕ
ಮೈಸೂರಿನ ತಮ್ಮನಿಗೆ ಎರಡು ಮಾತು. ಊರೊಳಗಿನ ಹೋಟೆಲ್ ಅಮ್ಮನಿಗೆ ಬೇಡವೇ ಬೇಡ. ಕಾಲುವೆ ಪಕ್ಕದ ಹಳೆಯ ಮನೆಗಳನ್ನೇ ಹೋಟೆಲ್ ಮಾಡಿರುತ್ತಾರೆ. ನೋಡಲು ಚೆಂದ. ಒಳಗೆ ಮೆಟ್ಟಿಲು ಏಣಿಯ ಹಾಗೆ ನೆಟ್ಟಗಿರುತ್ತದೆ, ಪೂರ್ತಿ ಪಾದ ಊರಲು ಜಾಗ ಇರಲ್ಲ. ಎಷ್ಟೋ ಕಡೆ ಲಿಫ್ಟೇ ಇಲ್ಲ. ನಮ್ಮಮ್ಮ ಬಂದಾಗ ಅಂಥ ಒಂದು ಮೆಟ್ಟಿಲನ್ನು ಹಿಂದಕ್ಕೆ ತಿರುಗಿ, ಎರಡೂ ಕೈಯಲ್ಲಿ ಹಗ್ಗ ಹಿಡಿದುಕೊಂಡು ಇಳಿದರು.

ಇನ್ನೊಂದು ವಿಷಯ, ತೆರಿಗೆ. ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಉಳಿದರೆ ಪ್ರವಾಸಿ ತೆರಿಗೆ ಕೋಣೆ ದರದ 12.5 ಶೇಕಡಾ, 2024ರಿಂದ. ಸ್ಕಿಪೋಲ್ ಮತ್ತು ಹೋಫ್ಡೋರ್ಪ್ ಇರುವುದು ಹಾರ್ಲೆಮ್ಮರ್‌ಮೇರ್ ಎಂಬ ಬೇರೆ ಪುರಸಭೆಯಲ್ಲಿ, ಅಲ್ಲಿನ ಲೆಕ್ಕ ಬೇರೆ. ಇದರ ಮೇಲೆ 2026ರ ಜನವರಿ 1ರಿಂದ ಇಡೀ ದೇಶದಲ್ಲಿ ಹೋಟೆಲ್ ವಸತಿಯ ವ್ಯಾಟ್ 9ರಿಂದ 21 ಶೇಕಡಾ ಆಗಿದೆ. ಎರಡು ವರ್ಷ ಹಿಂದಿನ ಬ್ಲಾಗ್ ನೋಡಿ ಬಜೆಟ್ ಹಾಕಬೇಡಿ. ಬುಕ್ ಮಾಡುವಾಗ ಕೊನೆಯ ಪುಟದ ಮೊತ್ತ ನೋಡಿ ಹೋಲಿಸಿ, ಮೊದಲ ಪುಟದ್ದಲ್ಲ.

ಹಾಸನ_ಟು_ಹೇಗ್
ಅಕ್ಕ, ವ್ಯಾಟ್ ಮತ್ತು ಪ್ರವಾಸಿ ತೆರಿಗೆ ಒಂದೇ ಸಾಲಿನಲ್ಲಿ ಹೇಳಿದರೆ ಜನಕ್ಕೆ ಗೊಂದಲ ಆಗುತ್ತದೆ. ವ್ಯಾಟ್ ಸಾಮಾನ್ಯವಾಗಿ ತೋರಿಸುವ ದರದಲ್ಲೇ ಸೇರಿರುತ್ತದೆ. ಪ್ರವಾಸಿ ತೆರಿಗೆಯನ್ನು ಕೆಲವು ಕಡೆ ಹೋಟೆಲ್ಲಿನಲ್ಲೇ ಬೇರೆಯಾಗಿ ಕಟ್ಟಿಸಿಕೊಳ್ಳುತ್ತಾರೆ.

ಆಮ್‌ಸ್ಟೆಲ್‌ವೇನ್_ಅಕ್ಕ
ಹೌದು, ಸರಿಯಾಗಿ ಹೇಳಿದಿರಿ.

ತುಮಕೂರು_ಕಿಟ್ಟಿ
ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಏರ್‌ಪೋರ್ಟ್ ಪಕ್ಕ ಮಲಗಿದರೆ ನಿದ್ದೆ ಬರುತ್ತಾ? ಟರ್ಮಿನಲ್ ಪಕ್ಕದ್ದಕ್ಕಿಂತ ದೂರದ್ದೇ ವಾಸಿ ಅಲ್ವಾ?

ಆಮ್‌ಸ್ಟೆಲ್‌ವೇನ್_ಅಕ್ಕ
ಇಲ್ಲ ಕಿಟ್ಟಿ, ಇಲ್ಲಿ ಅದು ಉಲ್ಟಾ. ಸದ್ದು ಟರ್ಮಿನಲ್ ಹತ್ತಿರ ಇರುವುದಕ್ಕಿಂತ ರನ್‌ವೇ ನೇರಕ್ಕೆ ಇರುವ ಊರಲ್ಲಿ ಜಾಸ್ತಿ. ಸ್ಕಿಪೋಲ್‌ಗೆ ಆರು ರನ್‌ವೇ. ಗಾಳಿ ತಿರುಗಿದ ಹಾಗೆ ದಿನಕ್ಕೆ ಎಷ್ಟೋ ಸಲ ಬದಲಿಸುತ್ತಾರೆ. ರಾತ್ರಿ ಹೊತ್ತು ಆದಷ್ಟು ಪೋಲ್ಡರ್‌ಬಾನ್ ಮತ್ತು ಕಾಗ್‌ಬಾನ್ ಎಂಬ ಎರಡು ರನ್‌ವೇ ಬಳಸುತ್ತಾರೆ, ಜನ ಕಡಿಮೆ ಇರುವ ಕಡೆ ಅಂತ. ಟರ್ಮಿನಲ್ ಪಕ್ಕದ ಹೋಟೆಲ್‌ಗಳಿಗೆ ದಪ್ಪ ಗಾಜು ಹಾಕಿರುತ್ತಾರೆ. ನಾನು ಒಂದು ಸಲ ಅಲ್ಲಿ ಉಳಿದಾಗ ಕೇಳಿಸಿದ್ದು ಎಸಿ ಸದ್ದು ಮಾತ್ರ. ನಮ್ಮ ಮನೆ ಆಮ್‌ಸ್ಟೆಲ್‌ವೇನ್‌ನಲ್ಲಿ, ಕೆಲವು ದಿನ ಅಡುಗೆಮನೆಯಲ್ಲಿ ಫೋನ್ ಮಾತೇ ಕೇಳಲ್ಲ.

ವಿಮಾನ_ವೀಕ್ಷಕ_ಯಲಹಂಕ
ಪೋಲ್ಡರ್‌ಬಾನ್ ಅಂದ ಕೂಡಲೇ ಖುಷಿಯಾಯಿತು! 2003ರಲ್ಲಿ ಶುರುವಾದದ್ದು, 3,800 ಮೀಟರ್ ಉದ್ದ. ಟರ್ಮಿನಲ್‌ನಿಂದ ಎಷ್ಟು ದೂರ ಅಂದರೆ ವಿಮಾನ ನೆಲಕ್ಕಿಳಿದ ಮೇಲೂ ಕಾಲು ಗಂಟೆ ಓಡುತ್ತಲೇ ಇರುತ್ತದೆ. ಮಧ್ಯೆ ಹೆದ್ದಾರಿಯ ಮೇಲೆ ಸೇತುವೆ ದಾಟುತ್ತದೆ, ಕೆಳಗೆ ಕಾರುಗಳು. ಕಿಟಕಿ ಸೀಟು ಸಿಕ್ಕಿದರೆ ನೋಡಲೇಬೇಕು. ಮಗಳಿಗೆ ತೋರಿಸಿ ಸರ್.

ಇನ್ನೊಂದು ವಿಷಯ. ಆ ಇಡೀ ಜಾಗ ಮೊದಲು ಕೆರೆ. 1852ರ ಹೊತ್ತಿಗೆ ಉಗಿಯಂತ್ರದ ಪಂಪುಗಳಿಂದ ನೀರು ಖಾಲಿ ಮಾಡಿ ನೆಲ ತೆಗೆದರು. ನಿಲ್ದಾಣ ಈಗಲೂ ಸಮುದ್ರ ಮಟ್ಟಕ್ಕಿಂತ ಸುಮಾರು 3 ಮೀಟರ್ ಕೆಳಗಿದೆ.

ಧಾರವಾಡದಾಂವ
ಕೆರೆ ಒಣಗಿಸಿ ವಿಮಾನ ನಿಲ್ದಾಣ. ನಮ್ಮಲ್ಲಿ ಕೆರೆ ಮುಚ್ಚಿ ಲೇಔಟ್ ಮಾಡಿ ಮಳೆಗಾಲದಲ್ಲಿ ಮನೆಯೊಳಗೆ ನೀರು ಬರಿಸಿಕೊಳ್ಳುತ್ತೇವೆ. ಅವರು ಪಂಪ್ ಇಟ್ಟು ದಿನಾ ನೋಡಿಕೊಳ್ಳುತ್ತಾರೆ, ಅದು ವ್ಯತ್ಯಾಸ.

ಶಿರಸಿ_ಸುಮ
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನದೂ ಸ್ಕಿಪೋಲ್ ಪ್ರಶ್ನೆಯೇ. ಅಪ್ಪ ಅಮ್ಮ ಜೂನ್‌ನಲ್ಲಿ ಅಮೆರಿಕದಲ್ಲಿರುವ ಅಣ್ಣನ ಮನೆಗೆ ಹೊರಟಿದ್ದಾರೆ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್, ಅಲ್ಲಿ 19 ಗಂಟೆ ಕಾಯಬೇಕು. ಒಂದೇ ಟಿಕೆಟ್. ಅಮೆರಿಕದ ವೀಸಾ ಇದೆ. ನಿಲ್ದಾಣದಿಂದ 300 ಮೀಟರ್ ಅಂತ ತೋರಿಸಿದ ಒಂದು ಹೋಟೆಲ್ ಬುಕ್ ಮಾಡಿದ್ದೇನೆ. ಅವರಿಬ್ಬರೇ ನಡೆದು ಹೋಗಬಹುದಾ?

ರಾತ್ರಿ_ಪಾಳಿ
ಸುಮಾ ಅವರೇ, ಷೆಂಗೆನ್ ವೀಸಾ ಇದೆಯಾ?

ಶಿರಸಿ_ಸುಮ
ಇಲ್ಲ. ಅಮೆರಿಕದ್ದು ಮಾತ್ರ. ಟ್ರಾನ್ಸಿಟ್ ಅಲ್ವಾ, ಸಾಕು ಅಂದುಕೊಂಡಿದ್ದೆ.

ರಾತ್ರಿ_ಪಾಳಿ
ಹಾಗಾದರೆ ಆ ಹೋಟೆಲ್ ಇವತ್ತೇ ರದ್ದು ಮಾಡಿ. ದುಡ್ಡು ವಾಪಸ್ ಬರುವ ಕೊನೆಯ ದಿನಾಂಕ ನೋಡಿಕೊಳ್ಳಿ.

300 ಮೀಟರ್ ಆದರೂ ಅದು ಪಾಸ್‌ಪೋರ್ಟ್ ತಪಾಸಣೆಯ ಆಚೆ ಕಡೆ. ಆ ಗೆರೆ ದಾಟುವುದು ಅಂದರೆ ನೆದರ್ಲೆಂಡ್ಸ್ ದೇಶದೊಳಗೆ ಕಾಲಿಡುವುದು. ಅದಕ್ಕೆ ಷೆಂಗೆನ್ ವೀಸಾ ಬೇಕೇ ಬೇಕು. ಅಮೆರಿಕದ ವೀಸಾ ತೋರಿಸಿದರೆ ಬಿಡಲ್ಲ. ನಾನು ಕೆಲಸ ಮಾಡುವಾಗ ಇಂಥವರ ಕೋಣೆಗಳು ಖಾಲಿ ಇರುತ್ತಿದ್ದವು. ಫೋನ್ ಬರುತ್ತಿತ್ತು, 'ನಮ್ಮನ್ನು ಹೊರಗೆ ಬಿಡುತ್ತಿಲ್ಲ' ಅಂತ. ಆ ರಾತ್ರಿಯ ದುಡ್ಡು ಹೋದ ಹಾಗೆಯೇ.

ಹೆದರಬೇಡಿ, ದಾರಿ ಇದೆ. ಒಳಗಡೆಯೇ, ಪಾಸ್‌ಪೋರ್ಟ್ ತಪಾಸಣೆಗೆ ಹೋಗದೆ ಉಳಿಯಲು ಎರಡು ಹೋಟೆಲ್ ಇವೆ. ಲೌಂಜ್ 2 ಕಡೆ ಯೋಟೆಲ್‌ಏರ್, ಲೌಂಜ್ 3 ಕಡೆ ಮರ್ಕ್ಯೂರ್. ಯೋಟೆಲ್‌ಏರ್‌ನಲ್ಲಿ ನಾಲ್ಕು ಗಂಟೆಯ ಲೆಕ್ಕದಿಂದಲೂ ಕೊಡುತ್ತಾರೆ, ಕ್ಯಾಬಿನ್ ಪುಟ್ಟದು. ಮರ್ಕ್ಯೂರ್ ಸಾಮಾನ್ಯ ಹೋಟೆಲ್ ಕೋಣೆಯ ಹಾಗೆ. ಎರಡೂ ಕಡೆ ಕೋಣೆ ಕಡಿಮೆ, ಬೇಗ ತುಂಬುತ್ತವೆ. ಇವತ್ತೇ ನೋಡಿ.

ಹಾಸನ_ಟು_ಹೇಗ್
ಸುಮಾ ಅವರಿಗೆ ಇನ್ನೂ ಎರಡು ಮುಖ್ಯ ಮಾತು.

ಒಂದು, ಬ್ಯಾಗ್. ಬೆಂಗಳೂರಿನ ಕೌಂಟರ್‌ನಲ್ಲಿ ಸೂಟ್‌ಕೇಸಿಗೆ ಪಟ್ಟಿ ಅಂಟಿಸುತ್ತಾರಲ್ಲ, ಅದರಲ್ಲಿ ಅಮೆರಿಕದ ಊರಿನ ಗುರುತು ಇದೆಯಾ ಅಂತ ನೋಡಿಯೇ ಮುಂದೆ ಹೋಗಲಿ. ಸ್ಕಿಪೋಲ್‌ವರೆಗೆ ಮಾತ್ರ ಅಂಟಿಸಿದರೆ ಬ್ಯಾಗ್ ಹೊರಗಿನ ಬೆಲ್ಟಿಗೆ ಹೋಗುತ್ತದೆ. ತರಲು ಇವರು ಹೊರಗೆ ಹೋಗಲು ಆಗಲ್ಲ. ಬೇರೆ ಬೇರೆ ಟಿಕೆಟ್ ತೆಗೆದುಕೊಂಡವರು ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. ನಿಮ್ಮದು ಒಂದೇ ಟಿಕೆಟ್, ಒಳ್ಳೆಯದಾಯಿತು. ಔಷಧಿ, ಒಂದು ಜೊತೆ ಬಟ್ಟೆ, ಸ್ವೆಟರ್ ಕೈಚೀಲದಲ್ಲೇ ಇರಲಿ.

ಎರಡು, ಆಮ್‌ಸ್ಟರ್‌ಡ್ಯಾಮ್‌ನಿಂದ ನೇರ ಅಮೆರಿಕಕ್ಕೇ ವಿಮಾನ ತಾನೇ? ಮಧ್ಯೆ ಪ್ಯಾರಿಸ್ ಅಥವಾ ಇನ್ನೊಂದು ಷೆಂಗೆನ್ ಊರು ಇದ್ದರೆ ಕಥೆಯೇ ಬೇರೆ. ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ಯಾರಿಸ್‌ಗೆ ಹೋಗುವುದು ಷೆಂಗೆನ್ ಒಳಗಿನ ಪ್ರಯಾಣ, ವೀಸಾ ಬೇಕು.

ಶಿರಸಿ_ಸುಮ
ನೇರ ಅಮೆರಿಕಕ್ಕೇ. ಕೈ ನಡುಗಿತು ಓದಿ. ಹೋಟೆಲ್ ರದ್ದು ಮಾಡಿದೆ, ಗಡುವಿಗೆ ಇನ್ನೂ ನಾಲ್ಕು ದಿನ ಇತ್ತು. ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್.

ಆಮ್‌ಸ್ಟೆಲ್‌ವೇನ್_ಅಕ್ಕ
ಸುಮಾ, ಇನ್ನೊಂದು ಸಮಾಧಾನದ ಮಾತು. ಒಳಗೇ ಇದ್ದು ವಿಮಾನ ಬದಲಿಸುವುದಕ್ಕೆ ಭಾರತದ ಪಾಸ್‌ಪೋರ್ಟಿನವರಿಗೆ ನೆದರ್ಲೆಂಡ್ಸ್ ಏರ್‌ಪೋರ್ಟ್ ಟ್ರಾನ್ಸಿಟ್ ವೀಸಾ ಕೇಳುವುದಿಲ್ಲ. ಎಲ್ಲ ದೇಶವೂ ಹೀಗಲ್ಲ, ಆದ್ದರಿಂದ ಬೇರೆ ನಿಲ್ದಾಣಕ್ಕೆ ಇದೇ ಲೆಕ್ಕ ಹಿಡಿಯಬೇಡ. ಮತ್ತೆ ಒಳಗೆ ಹೊತ್ತು ಕಳೆಯಲು ರೈಕ್ಸ್ ಮ್ಯೂಸಿಯಂನವರ ಒಂದು ಪುಟ್ಟ ಚಿತ್ರಶಾಲೆ ಇದೆ, ಟಿಕೆಟ್ ಇಲ್ಲ. ಕೂರಲು ಲೈಬ್ರರಿ ಇದೆ.

ಇಬ್ಬರಿಗೂ ವ್ಹೀಲ್‌ಚೇರ್ ಸಹಾಯ ಕೇಳಿಬಿಡು. ಯುರೋಪ್‌ನ 2006ರ ನಿಯಮದ ಪ್ರಕಾರ ಅದು ಉಚಿತ, ವಿಮಾನ ಹೊರಡುವ 48 ಗಂಟೆ ಮೊದಲು ಏರ್‌ಲೈನ್‌ಗೆ ಹೇಳಿರಬೇಕು ಅಷ್ಟೇ. ಸಂಕೋಚ ಬೇಡ. ಮೈಸೂರಿನ ತಮ್ಮ, ನೀವೂ ಅಮ್ಮನಿಗೆ ಕೇಳಿ.

ಕುಕ್ಕರಹಳ್ಳಿ_ಸುತ್ತು
ಅಕ್ಕ, ಅದು ಹೋಟೆಲ್ ಬಾಗಿಲಿಗೂ ಬರುತ್ತಾರಾ?

ಆಮ್‌ಸ್ಟೆಲ್‌ವೇನ್_ಅಕ್ಕ
ಇಲ್ಲ, ನಿಲ್ದಾಣದೊಳಗಿನ ನಿಗದಿತ ಜಾಗದಿಂದ. ಅಲ್ಲಿವರೆಗೆ ನೀವು ಕರೆದುಕೊಂಡು ಬರಬೇಕು. ಅದಕ್ಕೇ ಹೋಟೆಲ್ಲಿಂದ ಟರ್ಮಿನಲ್ ಒಳಗೆ ಹೇಗೆ ಬರುತ್ತೀರಿ ಅನ್ನುವುದೇ ನಿಮ್ಮ ಅಸಲಿ ಪ್ರಶ್ನೆ. ದೂರ ಎಷ್ಟು ಅಂತ ನೋಡಬೇಡಿ. ಸೂಟ್‌ಕೇಸ್ ಎಷ್ಟು ಸಲ ಎತ್ತಿ ಇಳಿಸಬೇಕು ಅಂತ ಎಣಿಸಿ. ಶಟಲ್ ಆದರೆ ಹತ್ತಿಸುವುದು ಒಂದು, ಇಳಿಸುವುದು ಒಂದು. ಸಂಜೆ ಹೋಗುವಾಗ ಮತ್ತೆ ಎರಡು. ಪ್ರತಿ ಸಲ ಅಮ್ಮ ನಿಂತಿರಬೇಕು. ಮುಚ್ಚಿದ ದಾರಿಯಲ್ಲಿ ನಡೆದು ಹೋಗುವ ಹೋಟೆಲ್ ಆದರೆ ಒಂದು ಸಲವೂ ಎತ್ತಬೇಕಿಲ್ಲ, ತಳ್ಳಿಕೊಂಡು ಹೋದರಾಯಿತು.

ಗುಲಾಬಿ_ತೋಟ
ನಮಸ್ಕಾರ, ದೊಡ್ಡಬಳ್ಳಾಪುರದಿಂದ. ನಾವು ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಯುವವರು. ಸ್ಕಿಪೋಲ್ ಪಕ್ಕ ಉಳಿಯುವವರು ಆಲ್ಸ್‌ಮೇರ್ ಹೂವಿನ ಹರಾಜು ನೋಡದೆ ಬರಬೇಡಿ. ನಾವು ಮೂರು ಜನ ಬೆಳೆಗಾರರು ಹೋಗಿದ್ದೆವು, ಅದಕ್ಕೇ ಅಂತ ಆಲ್ಸ್‌ಮೇರ್ ಹತ್ತಿರವೇ ಕೋಣೆ ಹಿಡಿದಿದ್ದೆವು. ಬೆಳಿಗ್ಗೆ ಏಳಕ್ಕೆ ಒಳಗೆ. ಮೇಲೆ ಉದ್ದಕ್ಕೆ ನಡೆಯುವ ದಾರಿ, ಕೆಳಗೆ ಹೂವಿನ ಗಾಡಿಗಳ ಸಾಲು ಮುಗಿಯುವುದೇ ಇಲ್ಲ. ಹರಾಜಿನ ಗಡಿಯಾರದಲ್ಲಿ ಬೆಲೆ ಮೇಲಿಂದ ಕೆಳಕ್ಕೆ ಇಳಿಯುತ್ತದೆ. ಮೊದಲು ಗುಂಡಿ ಒತ್ತಿದವನಿಗೆ ಹೂವು. ಬೆಂಗಳೂರಿನ ಹೂವಿನ ಹರಾಜು ಕೇಂದ್ರದಲ್ಲೂ ಇದೇ ಪದ್ಧತಿ, ಅದರ ಮೂಲ ನೋಡಿದ ಹಾಗಾಯಿತು.

ಅಲ್ಲಿ ಕೀನ್ಯಾ, ಇಥಿಯೋಪಿಯಾ ಗುಲಾಬಿಗಳದ್ದೇ ದೊಡ್ಡ ಪಾಲು. ಕಡ್ಡಿ ಉದ್ದ, ಮೊಗ್ಗು ದಪ್ಪ. ನಮ್ಮ ಹೂವಿಗೂ ಅದಕ್ಕೂ ಎಲ್ಲಿ ವ್ಯತ್ಯಾಸ ಅಂತ ಕೈಯಲ್ಲಿ ಹಿಡಿದು ನೋಡಬೇಕು ಅನಿಸಿತು, ಮೇಲಿಂದ ಮುಟ್ಟಲು ಆಗಲ್ಲ. ಆ ಒಂದು ಬೆಳಿಗ್ಗೆ ನೋಡಿದ ಮೇಲೆ ವಾಪಸ್ ಬಂದು ನಮ್ಮ ಪ್ಯಾಕಿಂಗ್ ಶೆಡ್ಡಿಗೆ ತಣ್ಣನೆಯ ಕೋಣೆ ಹಾಕಿಸಿದೆ.

ತುಮಕೂರು_ಕಿಟ್ಟಿ
ಅಣ್ಣ, ಅವರ ವಿಮಾನ 6:50ಕ್ಕೆ. ಹರಾಜು ಏಳಕ್ಕೆ.

ಗುಲಾಬಿ_ತೋಟ
ಹೌದಲ್ಲಾ. ಹಾಗಾದರೆ ಮುಂದಿನ ಸಲ. ಶನಿವಾರ ಭಾನುವಾರ ಇರಲ್ಲ, ನೆನಪಿರಲಿ.

ಕುಕ್ಕರಹಳ್ಳಿ_ಸುತ್ತು
ಇನ್ನೊಂದು ಸಂಶಯ. 2022ರ ಬೇಸಿಗೆಯಲ್ಲಿ ಸ್ಕಿಪೋಲ್‌ನಲ್ಲಿ ಸಾಲು ಕಟ್ಟಡದ ಹೊರಗೂ ನಿಂತಿದ್ದ ಫೋಟೋ ನೋಡಿದ್ದೆ. ಈಗ ಬೆರಳಚ್ಚು, ಮುಖದ ಫೋಟೋ ಅಂತ ಹೊಸ ಗಡಿ ವ್ಯವಸ್ಥೆ ಬೇರೆ ಬಂದಿದೆ. 6:50ರ ವಿಮಾನಕ್ಕೆ ಎಷ್ಟಕ್ಕೆ ಹೋಗಬೇಕು? ಮೂರೂವರೆಗೇ ಏಳಬೇಕಾ?

ವಿಮಾನ_ವೀಕ್ಷಕ_ಯಲಹಂಕ
ಹೌದು ಸರ್, ಆ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಶುರುವಾಗಿದೆ. ಪಾಸ್‌ಪೋರ್ಟ್ ಸಾಲಿಗೇ ಒಂದು ಗಂಟೆ ಇಟ್ಟುಕೊಳ್ಳಿ.

ಹಾಸನ_ಟು_ಹೇಗ್
ತಪ್ಪು, ತಪ್ಪು. ಅವರ ಮೊದಲ ವಿಮಾನ ಮ್ಯೂನಿಕ್‌ಗೆ. ಅದು ಷೆಂಗೆನ್ ಒಳಗಿನದು. ಸ್ಕಿಪೋಲ್‌ನಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ, ಫೋಟೋ ಏನೂ ಇರಲ್ಲ, ಬರೀ ಬ್ಯಾಗ್ ಕೊಡುವುದು ಮತ್ತು ಸೆಕ್ಯುರಿಟಿ. ಯುರೋಪ್‌ನಿಂದ ಹೊರಗೆ ಹೋಗುವ ತಪಾಸಣೆ ಮ್ಯೂನಿಕ್‌ನಲ್ಲಿ, ಬೆಂಗಳೂರು ವಿಮಾನಕ್ಕೆ ಮೊದಲು. ಆ ಸಾಲಿಗೆ ಅಲ್ಲಿ ಎಷ್ಟು ಹೊತ್ತು ಇದೆ ಅಂತ ನೋಡಿಕೊಳ್ಳಿ. ಇಲ್ಲಿ ಎರಡು ಗಂಟೆ ಮೊದಲು ಹೋದರೆ ಸಾಕು. ಬ್ಯಾಗ್ ಕೌಂಟರ್ ಎಷ್ಟಕ್ಕೆ ತೆರೆಯುತ್ತದೆ ಅಂತ ಮಾತ್ರ ಏರ್‌ಲೈನ್ ಹತ್ತಿರ ಕೇಳಿ. ಮೂರು ಗಂಟೆಗೇ ಹೋಗಿ ಮುಚ್ಚಿದ ಕೌಂಟರ್ ಮುಂದೆ ಅಮ್ಮನನ್ನು ನಿಲ್ಲಿಸುವುದು ಬೇಡ.

ವಿಮಾನ_ವೀಕ್ಷಕ_ಯಲಹಂಕ
ಓ, ಮ್ಯೂನಿಕ್ ಅಂತ ಗಮನಿಸಲಿಲ್ಲ. ಹೇಗ್‌ನವರು ಹೇಳಿದ್ದೇ ಸರಿ.

ಬಂಟ್ವಾಳ_ಬಾಬಣ್ಣ
ನಿಲ್ದಾಣದಲ್ಲೇ ಕೂತು ರಾತ್ರಿ ಕಳೆಯೋಣ ಅಂದ ಅಪ್ಪನಿಗೆ ಯಾರೂ ಉತ್ತರ ಕೊಡಲಿಲ್ಲ. ಯಜಮಾನರೇ, ನಿಮ್ಮ ಪ್ರಾಯದಲ್ಲಿ ಕಬ್ಬಿಣದ ಕುರ್ಚಿಯಲ್ಲಿ ರಾತ್ರಿ ಕೂತು, ಮರುದಿನ ಇಡೀ ದಿನದ ವಿಮಾನ ಪ್ರಯಾಣ ಬೇಡ. ಕಾಲು ನೀಡಿ ಮಲಗುವುದಕ್ಕೆ ದುಡ್ಡು ಕೊಡುವುದರಲ್ಲಿ ತಪ್ಪಿಲ್ಲ.

ರಾತ್ರಿ_ಪಾಳಿ
ಲೆಕ್ಕ ಹೀಗೆ ಹಾಕಿ ನೋಡಿ. ಸಿಟಿಜನ್‌ಎಂ ಚೆನ್ನಾಗಿದೆ, 2008ರಲ್ಲಿ ಅವರ ಮೊಟ್ಟಮೊದಲ ಹೋಟೆಲ್ ಶುರುವಾಗಿದ್ದೇ ಸ್ಕಿಪೋಲ್‌ನಲ್ಲಿ. ನಡೆದರೆ ಐದು ನಿಮಿಷ. ಆದರೆ ಕೋಣೆ ಚಿಕ್ಕದು, ಗೋಡೆಯಿಂದ ಗೋಡೆಗೆ ಒಂದೇ ಹಾಸಿಗೆ, ಇಬ್ಬರೇ. ನಿಮಗೆ ಮೂರು ಕೋಣೆ ಬೇಕಾಗುತ್ತದೆ. ಆರು ವರ್ಷದ ಮಗು ಬೇರೆ ಕೋಣೆಯಲ್ಲಿ ಒಂದೇ ಮಲಗಲ್ಲ, ಹಾಗಾಗಿ ದೊಡ್ಡವರಲ್ಲಿ ಒಬ್ಬರು ಒಂಟಿ ಆಗುತ್ತಾರೆ. ಮೂರು ಕೋಣೆಯ ದರವನ್ನು ಶೆರಟನ್ ಅಥವಾ ಹಿಲ್ಟನ್‌ನ ಎರಡು ಕೋಣೆಯ ಜೊತೆ ಇಟ್ಟು ನೋಡಿ. ಮಗುವಿಗೆ ಹೆಚ್ಚುವರಿ ಹಾಸಿಗೆ ಕೊಡುತ್ತಾರಾ ಅಂತ ಮೇಲ್ ಮಾಡಿ ಕೇಳಿ. ಮಕ್ಕಳ ಸಂಖ್ಯೆ ಮುಚ್ಚಿಟ್ಟು ಬುಕ್ ಮಾಡಬೇಡಿ, ಇಲ್ಲಿ ತಲೆ ಲೆಕ್ಕ ಕಟ್ಟುನಿಟ್ಟು.

ಬೆಳಗಿನ ತಿಂಡಿ ಸೇರಿದ ದರ ತೆಗೆದುಕೊಳ್ಳಬೇಡಿ. ನೀವು ಹೊರಡುವ ಹೊತ್ತಿಗೆ ತಿಂಡಿಯ ಹಾಲ್ ಮುಚ್ಚಿರುತ್ತದೆ.

ಆಮ್‌ಸ್ಟೆಲ್‌ವೇನ್_ಅಕ್ಕ
ತಿಂಡಿಗೆ ಕೆಳಗೆ ಸ್ಕಿಪೋಲ್ ಪ್ಲಾಜಾದಲ್ಲಿ ಆಲ್ಬರ್ಟ್ ಹೈನ್ ಸೂಪರ್‌ಮಾರ್ಕೆಟ್ ಇದೆ, ರಾತ್ರಿ ತಡವಾಗಿಯೂ ತೆರೆದಿರುತ್ತದೆ. ಮೊಸರು, ಬಾಳೆಹಣ್ಣು, ಬ್ರೆಡ್ ಸಿಗುತ್ತದೆ. ಅಮ್ಮನ ಬ್ಯಾಗಿನಲ್ಲಿ ಅವಲಕ್ಕಿ ಉಳಿದಿದ್ದರೆ ಮೊಸರವಲಕ್ಕಿ ಆಗಿಯೇ ಹೋಯಿತು. ಕೋಣೆಯಲ್ಲಿ ಕೆಟಲ್ ಇದೆಯಾ ಅಂತ ಮೊದಲೇ ಕೇಳಿ, ಈ ದೇಶದಲ್ಲಿ ಎಲ್ಲ ಕಡೆ ಇಡಲ್ಲ.

ಧಾರವಾಡದಾಂವ
ಪ್ಯಾಕೆಟ್ ಉಪ್ಪಿಟ್ಟು ಒಯ್ದರೆ ಬಿಸಿನೀರು ಸಾಕು. ಮೊದಲ ಉತ್ತರದಲ್ಲೇ ನಾನು ಹೇಳಿದ್ದು ಏನು? ಟರ್ಮಿನಲ್‌ಗೆ ಹತ್ತಿಕೊಂಡಿರುವುದೇ ಅಂತ!

ಕುಕ್ಕರಹಳ್ಳಿ_ಸುತ್ತು
ಎಲ್ಲರ ಮಾತೂ ಮನೆಯಲ್ಲಿ ಓದಿ ಹೇಳಿದೆ. ಮೂರು ಕೋಣೆಯ ಲೆಕ್ಕ ಹಾಕಿದ ಮೇಲೆ ವ್ಯತ್ಯಾಸ ನಾನು ಅಂದುಕೊಂಡಷ್ಟು ಇರಲಿಲ್ಲ. ಹೋಫ್ಡೋರ್ಪ್‌ನ ದರಕ್ಕೆ ಬೆಳಗಿನ ದೊಡ್ಡ ಟ್ಯಾಕ್ಸಿ ಸೇರಿಸಿದರೂ ಇನ್ನೂ ಕಡಿಮೆಯೇ, ಅದು ನಿಜ. ಆದರೆ ಬಾಬಣ್ಣನವರ ಅತ್ತೆ ಮಳೆಯಲ್ಲಿ ನಿಂತದ್ದು ಓದಿದ ಮೇಲೆ ಅಪ್ಪನೇ ಹೇಳಿದರು, 'ಒಳಗಿನಿಂದ ಒಳಗೇ ಹೋಗುವುದು ತೆಗೆದುಕೋ' ಅಂತ. ಮುಚ್ಚಿದ ದಾರಿ ಇರುವ ಹೋಟೆಲ್ಲಿನಲ್ಲಿ ಅಕ್ಕಪಕ್ಕದ ಎರಡು ಕೋಣೆ, ರದ್ದು ಮಾಡಬಹುದಾದ ದರದಲ್ಲಿ ಬುಕ್ ಮಾಡಿದೆ. ಕಾಲುವೆ ನೋಡಲು ಹೆಂಡತಿಗೆ ಅಂತ ಒಂದು ದಿನ ಮೊದಲೇ ಬೆಲ್ಜಿಯಂ ಬಿಡುತ್ತೇವೆ. ಸೂಟ್‌ಕೇಸ್ ಹೋಟೆಲ್ಲಿನಲ್ಲಿಟ್ಟು ರೈಲಿನಲ್ಲಿ ಊರಿಗೆ ಹೋಗಿ ಬಂದರಾಯಿತು.

ಹಾಸನ_ಟು_ಹೇಗ್
ಅದು ಎಲ್ಲಕ್ಕಿಂತ ಚೆನ್ನಾಗಿರುವ ಯೋಜನೆ. ಮ್ಯೂಸಿಯಂ ಕಡೆ ಹೋಗುವುದಾದರೆ ಟರ್ಮಿನಲ್ ಮುಂದಿನಿಂದಲೇ 397 ನಂಬರ್ ಬಸ್ ಇದೆ, ಮ್ಯೂಸಿಯಂಪ್ಲೇನ್ ಚೌಕಕ್ಕೆ ನೇರ. ಅಮ್ಮನಿಗೆ ಕಡಿಮೆ ನಡಿಗೆ.

ಶಿರಸಿ_ಸುಮ
ಒಳಗಿನ ಹೋಟೆಲ್ ಸಿಕ್ಕಿತು! ಆ ದಿನ ಎರಡೇ ಕೋಣೆ ತೋರಿಸುತ್ತಿತ್ತು, ಒಂದು ನಮ್ಮದು. ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಚೀಟಿ ಬರೆದು ಅಪ್ಪನ ಪಾಸ್‌ಪೋರ್ಟ್ ಕವರಿನಲ್ಲಿ ಇಡುತ್ತಿದ್ದೇನೆ: 'ಬ್ಯಾಗ್ ಪಟ್ಟಿ ನೋಡಿ. ಪಾಸ್‌ಪೋರ್ಟ್ ಸಾಲಿಗೆ ಹೋಗಬೇಡಿ. ಲೌಂಜ್ 3.' ಇನ್ನೇನಾದರೂ ಸೇರಿಸಬೇಕಾ?

ಆಮ್‌ಸ್ಟೆಲ್‌ವೇನ್_ಅಕ್ಕ
ಅದೇ ಚೀಟಿಯ ಹಿಂದೆ ಇಂಗ್ಲಿಷ್‌ನಲ್ಲೂ ಬರೆದುಬಿಡು, ವ್ಹೀಲ್‌ಚೇರ್ ತಳ್ಳುವವರಿಗೆ ತೋರಿಸಲಿ. ನನ್ನ ನಂಬರ್ ಖಾಸಗಿ ಸಂದೇಶದಲ್ಲಿ ಕಳಿಸುತ್ತೇನೆ, ಅದನ್ನೂ ಬರಿ. ಒಳಗೆ ಬರಲು ನನಗೂ ಆಗಲ್ಲ, ಆದರೆ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಬಹುದಲ್ಲ.